ಅರ್ಧ ಮಿಲಿಮೀಟರ್

ನಾಲ್ಕನೆಯ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದ ತಂಗಿ ಸ್ಕ್ರೂಡ್ರೈವರನ್ನು ಮತ್ತೆ ಎದುರು ಮೂಲೆಗೆ ಒಯ್ದಳು. ಯಾವುದನ್ನೂ ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು. ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಕಾರ್ಡನ್ನು ತಂಪಾಗಿಡುವ ಕೂಲರಿನ ತಾಮ್ರದ ತಳ ಕಾರ್ಡಿನ ಚಿಪ್ಪಿನ ಮೇಲೆ ಓರೆಯಾಗಿ ಕೂರುತ್ತದೆ. ಹನ್ನೊಂದು ವರ್ಷ ಕೌಂಟರಿನ ಈಚೆ ಕೂತು ನೋಡಿದ್ದರಿಂದ ಇಷ್ಟು ಅವಳಿಗೆ ಗೊತ್ತಿತ್ತು. ಆದರೆ ನೋಡಿದ್ದು ಕಣ್ಣು, ಮಾಡಬೇಕಾಗಿದ್ದುದು ಕೈ.

"ಮೇಲೆ ಜನ ಬರ್ತಿದ್ದಾರೆ," ಬಾಗಿಲಲ್ಲಿ ನಿಂತ ಚಿಕ್ಕಮ್ಮ ಹೇಳಿದರು. "ಬಂದವರೆಲ್ಲ ನಿನ್ನನ್ನೇ ಕೇಳ್ತಾರೆ. ನಾನೇನು ಹೇಳಲಿ?"

"ಕೆಳಗಿದ್ದಾಳೆ ಅನ್ನಿ."

"ಕೆಳಗೆ ಏನು ಮಾಡ್ತಿದ್ದಾಳೆ ಅಂತ ಕೇಳಿದ್ರೆ?"

"ಸ್ಕ್ರೂ ಬಿಗೀತಿದ್ದಾಳೆ ಅನ್ನಿ, ಚಿಕ್ಕಮ್ಮ. ಸುಳ್ಳು ಯಾಕೆ ಹೇಳ್ತೀರ."

ಚಿಕ್ಕಮ್ಮ ಏನೋ ಗೊಣಗಿಕೊಂಡು ಮೆಟ್ಟಿಲು ಹತ್ತಿದರು. ಮೇಲಿನ ನಡುಮನೆಯಲ್ಲಿ ಅಕ್ಕ ಬಿಳಿಯ ಹೊದಿಕೆಯ ಕೆಳಗೆ ಮಲಗಿದ್ದಳು. ನಿನ್ನೆ ಮಧ್ಯಾಹ್ನ ಒಂದೂ ಕಾಲಿಗೆ, ಇದೇ ಮೇಜಿನ ಮುಂದೆ, ಊಟಕ್ಕೆ ಏಳುತ್ತೇನೆ ಎಂದವಳು ಕುರ್ಚಿಗೆ ಒರಗಿದಳು. ಮತ್ತೆ ಏಳಲಿಲ್ಲ. ಅವಳಿಗೆ ಐವತ್ತೆಂಟು. ಬಿಚ್ಚಿಟ್ಟ ಗ್ರಾಫಿಕ್ಸ್ ಕಾರ್ಡು ಅವಳ ಮುಂದೆಯೇ ಇತ್ತು. ಬಿಸಿ ದಾಟಿಸಲು ಹಚ್ಚುವ ಪೇಸ್ಟಿನಲ್ಲಿ ಹಳೆಯದನ್ನು ಒರೆಸಿ ಚಿಪ್ಪನ್ನು ಕನ್ನಡಿಯಂತೆ ಮಾಡಿದ್ದಳು. ಕೆಲಸ ಅಲ್ಲಿಗೆ ನಿಂತಿತ್ತು.

ಮನೆಯ ಕೆಳಗಿನ ಆ ಕೋಣೆಗೆ ಬೋರ್ಡು ಇರಲಿಲ್ಲ. ಬೀದಿಯವರು ಅದನ್ನು ಅಕ್ಕತಂಗಿ ಅಂಗಡಿ ಎನ್ನುತ್ತಿದ್ದರು. ಆಟದ ಕಂಪ್ಯೂಟರುಗಳ ಕಾರ್ಡುಗಳು ಬಿಸಿಯೇರಿ ಆಟ ನಡುವೆ ನಿಂತುಹೋದಾಗ, ಫ್ಯಾನು ಗಿರಣಿಯಂತೆ ಅರಚತೊಡಗಿದಾಗ, ಹಳೆ ಕಾರ್ಡು ತೆಗೆದು ದೊಡ್ಡದು ಹಾಕಬೇಕೆನಿಸಿದಾಗ ಜನ ಅಲ್ಲಿಗೆ ಬರುತ್ತಿದ್ದರು. ತಂಗಿ ಮಾತಾಡುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು, ಸಾಮಾನು ತರುತ್ತಿದ್ದಳು. ಅಕ್ಕ ಮೇಜಿನ ಮೇಲೆ ಬಾಗಿ ಸುಮ್ಮನೆ ಕೆಲಸ ಮಾಡುತ್ತಿದ್ದಳು.

ಕೋಣೆ ಇದ್ದದ್ದು ಅಣ್ಣನ ಹೆಸರಿನಲ್ಲಿ. ಇಬ್ಬರಿಗಿಂತ ದೊಡ್ಡವನು, ಬೇರೆ ಊರಿನಲ್ಲಿದ್ದವನು, ಬೆಳಗಿನ ಬಸ್ಸಿಗೆ ಬಂದಿಳಿದಿದ್ದ. ಕಾಲು ತೊಳೆದು, ಅಕ್ಕನ ಪಕ್ಕ ಅರ್ಧ ಗಂಟೆ ಕೂತು, ಆಮೇಲೆ ತಂಗಿಯನ್ನು ಅಡುಗೆಮನೆಗೆ ಕರೆದು ಹೇಳಿದ್ದ:

"ನೋಡು, ನೀನು ನಮ್ಮ ಜೊತೆ ಬಂದುಬಿಡು. ಕಂಪ್ಯೂಟರ್ ರಿಪೇರಿ ಮಾಡೋ ಮೂಲೆಯಂಗಡಿಯವನ ಹತ್ರ ಮಾತಾಡಿದೀನಿ. ಮೂರು ಗಂಟೆಗೆ ಬರ್ತಾನೆ. ಯಂತ್ರಗಳು, ರಿಪೇರಿಗೆ ಬಂದಿರೋ ಕಾರ್ಡುಗಳು, ಎಲ್ಲ ತಗೊಂಡು ಹೋಗ್ತಾನೆ. ನಾಲ್ಕಕ್ಕೆ ಅವಳನ್ನ ಒಯ್ಯೋಕೆ ವ್ಯಾನ್ ಬರುತ್ತೆ. ಅಷ್ಟರೊಳಗೆ ಅದೊಂದು ಮುಗಿದಿರಲಿ."

"ಅಂಗಡಿ ನಾನು ನಡೆಸ್ತೀನಿ."

"ಏನು ನಡೆಸ್ತೀಯ? ಜನ ಬರ್ತಿದ್ದಿದ್ದು ಅವಳ ಕೈಗೆ. ನಿನ್ನ ಬಾಯಿಗಲ್ಲ."

ಅಣ್ಣ ಕೆಟ್ಟವನಲ್ಲ. ಮೂವತ್ತು ವರ್ಷ ನೀರಿನ ಇಲಾಖೆಯಲ್ಲಿ ಮೀಟರ್ ಓದಿದವನು, ಅಂಕಿ ಎಷ್ಟಿದೆಯೋ ಅಷ್ಟನ್ನೇ ಹೇಳುವ ಅಭ್ಯಾಸ. ಅದು ನಿಜವೆಂದು ತಂಗಿಗೂ ಗೊತ್ತಿತ್ತು. ಅದಕ್ಕೇ ಅವಳು ವಾದ ಮಾಡಲಿಲ್ಲ.

"ಒಂದು ಕಾರ್ಡು," ಅಂದಳು. "ಅಕ್ಕ ಬಿಟ್ಟಿದ್ದು. ನಾನೇ ಮುಗಿಸ್ತೀನಿ. ಅವಳ ಲೆಕ್ಕದಲ್ಲೇ ಪಾಸಾಗಬೇಕು. ಆಗಲಿಲ್ಲ ಅಂದ್ರೆ ನಿನ್ನ ಜೊತೆ ಬರ್ತೀನಿ."

"ಇವತ್ತೇನಾ?"

"ನಾಳೆ ಯಂತ್ರ ಇರಲ್ಲವಲ್ಲ."

*

ಅಕ್ಕ ರೇಡಿಯೊ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದವಳು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅವಳು ತನ್ನ ಬೆಸುಗೆ ಕಡ್ಡಿಯನ್ನು ಕೇಳಿ ಪಡೆದು, ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಬಂದಳು. ಮದುವೆ ಆಗಿರಲಿಲ್ಲ. ತಂಗಿ ತನ್ನ ಗಂಡ ತೀರಿಕೊಂಡು ತವರುಮನೆ ಸೇರಿದ ಮೇಲೆ, ಇಬ್ಬರೂ ಕೆಲವು ವರ್ಷ ಮಿಕ್ಸರ್, ಇಸ್ತ್ರಿಪೆಟ್ಟಿಗೆ ಅಂತ ಸಿಕ್ಕಿದ್ದನ್ನು ರಿಪೇರಿ ಮಾಡಿದರು.

ಮೊದಲ ಗ್ರಾಫಿಕ್ಸ್ ಕಾರ್ಡು ಬಂದದ್ದು ಎದುರುಮನೆಯ ಬಸ್ ಡ್ರೈವರನಿಂದ. ಆಳು ಬಾಗಿಲು ತುಂಬುವಂತಿದ್ದ. ಕಾರ್ಡನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದಿದ್ದ.

"ಇದೇನು ಮಾಡುತ್ತೆ?" ಅಕ್ಕ ಕೇಳಿದಳು.

"ಚಿತ್ರ ತೋರಿಸುತ್ತೆ ಅಕ್ಕ. ಆಟದ್ದು."

"ಚಿತ್ರ ತೋರಿಸೋದಕ್ಕೆ ಮೂರು ಫ್ಯಾನಾ?"

"ಒಂದೊಂದು ಹುಲ್ಲೆಸಳನ್ನೂ ಅದೇ ಲೆಕ್ಕ ಹಾಕಬೇಕು. ತಲೆ ಬಿಸಿ ಆಗುತ್ತೆ ಪಾಪ."

"ನೀನು ಆಡೋದು ಯಾವ ಆಟ?"

ಡ್ರೈವರ್ ಸ್ವಲ್ಪ ನಾಚಿದ. "ಲಾರಿ ಓಡಿಸೋದು."

"ಹಗಲೆಲ್ಲ ಬಸ್ಸು, ಮನೆಗೆ ಹೋಗಿ ಲಾರಿನಾ?" ತಂಗಿ ನಗು ತಡೆಯಲಾಗದೆ ಕೇಳಿದಳು.

"ಅಲ್ಲಿ ಯಾರೂ ಸ್ಟಾಪ್ ಇಲ್ಲದ ಕಡೆ ಇಳಿಸು ಅನ್ನಲ್ಲ, ಅಕ್ಕ."

ಅಕ್ಕ ನಗಲಿಲ್ಲ. ಕಾರ್ಡನ್ನು ತಿರುಗಿಸಿ, ಧೂಳು ಗಟ್ಟಿಯಾಗಿ ಕೂತಿದ್ದ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೆಳಕು ಹಾಯಿಸಿ ನೋಡುತ್ತಿದ್ದಳು. ಮೂರು ದಿನ ಇಟ್ಟುಕೊಂಡಳು. ಅದರೊಳಗಿನ ಬಿಸಿ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬುದನ್ನು ಹಾಳೆಯ ಮೇಲೆ ಬರೆದುಕೊಂಡಳು: ಚಿಪ್ಪಿನಿಂದ ಪೇಸ್ಟಿಗೆ, ಪೇಸ್ಟಿನಿಂದ ತಾಮ್ರಕ್ಕೆ, ತಾಮ್ರದಿಂದ ರೆಕ್ಕೆಗೆ, ರೆಕ್ಕೆಯಿಂದ ಗಾಳಿಗೆ. ಸುತ್ತಲಿನ ಸಣ್ಣ ಚಿಪ್ಪುಗಳಿಗೆ ಪೇಸ್ಟಿನ ಬದಲು ರಬ್ಬರಿನಂಥ ಬೂದು ಪ್ಯಾಡು. ಅದೇ ಹಾಳೆ ಮುಂದೆ ನೋಟುಬುಕ್ಕಾಯಿತು. ಒಂದೊಂದು ಮಾದರಿಗೆ ಒಂದು ಪುಟ, ಪುಟದಲ್ಲಿ ಚಿಪ್ಪುಗಳ ನಕ್ಷೆ, ಪ್ರತಿ ಚಿಪ್ಪಿನ ಮೇಲೆ ಪ್ಯಾಡಿನ ದಪ್ಪ.

ಅವಳು ಜೀವಮಾನದಲ್ಲಿ ಒಂದೂ ಆಟ ಆಡಲಿಲ್ಲ. ಪರೀಕ್ಷೆಗೆಂದು ಒಂದು ಆಟ ಇಟ್ಟುಕೊಂಡಿದ್ದಳು. ಅದರಲ್ಲಿ ಕುದುರೆ ಸವಾರನೊಬ್ಬ ಹೊಳೆಯ ದಂಡೆಯಲ್ಲಿ ನಿಂತಿರುತ್ತಾನೆ. ನೀರು, ಹುಲ್ಲು, ನೆರಳು ಎಲ್ಲ ಒಟ್ಟಿಗೆ ಸೇರುವ ಆ ಜಾಗದಲ್ಲಿ ಕಾರ್ಡು ಅತಿ ಹೆಚ್ಚು ಬೆವರುತ್ತದೆ ಎಂದು ಅವಳೇ ಹುಡುಕಿದ್ದು. ಅವನನ್ನು ಅಲ್ಲಿ ಒಂದು ಗಂಟೆ ನಿಲ್ಲಿಸಿ ಎರಡು ಅಂಕಿ ನೋಡುವಳು. ಒಂದು ಚಿಪ್ಪಿನ ಸರಾಸರಿ ಬಿಸಿ, ಇನ್ನೊಂದು ಅದರಲ್ಲೇ ಅತಿ ಬಿಸಿಯಾದ ಬಿಂದುವಿನದು. ಎರಡರ ನಡುವೆ ಹದಿನೈದು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಕಾರ್ಡು ಮತ್ತೆ ಬಿಚ್ಚಬೇಕು. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಸರಿ.

*

ಹನ್ನೆರಡೂ ಹತ್ತಕ್ಕೆ ತಂಗಿ ಕಾರ್ಡನ್ನು ಪರೀಕ್ಷೆಯ ಕಂಪ್ಯೂಟರಿಗೆ ಸೇರಿಸಿ ಗುಂಡಿ ಒತ್ತಿದಳು. ಈ ಕಾರ್ಡೂ ಡ್ರೈವರನದೇ. ಹಳೆಯದನ್ನು ಬಿಟ್ಟು ದೊಡ್ಡದಕ್ಕೆ ಏರಿದ್ದ, ಸೆಕೆಂಡ್ ಹ್ಯಾಂಡ್ ಆದ್ದರಿಂದ ಪ್ಯಾಡುಗಳೆಲ್ಲ ಒಣಗಿ ಬಿರುಕುಬಿಟ್ಟಿದ್ದವು. ಅವಳು ನೋಟುಬುಕ್ಕಿನ ಆ ಪುಟವನ್ನು ಎದುರಿಗಿಟ್ಟುಕೊಂಡೇ ಮಾಡಿದ್ದಳು. ಎರಡು ಮಿಲಿಮೀಟರ್ ಅಂತ ಬರೆದಲ್ಲೆಲ್ಲ ಎರಡರ ಹಾಳೆಯಿಂದಲೇ ಕತ್ತರಿಸಿದ್ದಳು.

ಸವಾರ ದಂಡೆಯಲ್ಲಿ ನಿಂತ. ಅಂಕಿಗಳು ಏರಿದವು. ಐದು ನಿಮಿಷಕ್ಕೆ ಎಪ್ಪತ್ತೆರಡು, ತೊಂಬತ್ತಾರು. ಹತ್ತು ನಿಮಿಷಕ್ಕೆ ಎಪ್ಪತ್ತೊಂಬತ್ತು, ನೂರಾ ಆರು. ಫ್ಯಾನುಗಳು ಅರಚತೊಡಗಿದವು. ಸದ್ದಿಗೆ ಅಣ್ಣ ಮೆಟ್ಟಿಲಿಳಿದು ಬಂದು ಹಿಂದೆ ನಿಂತ.

"ಎಷ್ಟಿರಬೇಕು?"

"ಅಂತರ ಹದಿನೈದು."

"ಎಷ್ಟಿದೆ?"

"ಇಪ್ಪತ್ತೇಳು."

"ಒಂದು ತುತ್ತು ಏನಾದ್ರೂ ತಿನ್ನು," ಅಂದು ಅಣ್ಣ ಮೇಲೆ ಹೋದ. ಬೈದಿದ್ದರೆ ವಾಸಿಯಿತ್ತು.

ಅವಳು ಕಂಪ್ಯೂಟರ್ ಆರಿಸಿ, ಕಾರ್ಡು ಆರುವವರೆಗೆ ಕಾದು, ಸ್ಕ್ರೂಗಳನ್ನು ಮತ್ತೆ ಮೂಲೆಯಿಂದ ಮೂಲೆಗೆ ಸಡಿಲಿಸಿದಳು. ಕೂಲರನ್ನು ಎತ್ತಿ ತಿರುವಿದಳು. ತಾಮ್ರದ ಮೇಲೆ ಪೇಸ್ಟು ಹರಡಿರಲಿಲ್ಲ. ಒಂದು ಅಂಚಿನಲ್ಲಷ್ಟೇ ಒತ್ತಿಕೊಂಡು, ಉಳಿದ ಕಡೆ ಹಚ್ಚಿದ್ದು ಹಚ್ಚಿದಂತೆಯೇ ಗುಡ್ಡೆಯಾಗಿ ನಿಂತಿತ್ತು. ತಾಮ್ರ ಚಿಪ್ಪನ್ನು ಮುಟ್ಟಿಯೇ ಇರಲಿಲ್ಲ. ನಡುವೆ ಏನೋ ಅದನ್ನು ಎತ್ತಿ ಹಿಡಿದಿತ್ತು.

ಎತ್ತಿ ಹಿಡಿಯಲು ಅಲ್ಲಿ ಇದ್ದದ್ದು ಪ್ಯಾಡುಗಳು ಮಾತ್ರ.

ಒಂದನ್ನು ಉಗುರಿನಿಂದ ಒತ್ತಿದಳು. ಗುರುತು ಬೀಳಲಿಲ್ಲ, ಮೊದಲಿನ ಮೆತ್ತನೆಯವಾದರೆ ಒತ್ತಿದಷ್ಟು ಕುಗ್ಗುತ್ತಿದ್ದವು. ಹಳೆಯ ಮೆತ್ತನೆಯ ಹಾಳೆ ಎಲ್ಲಾದರೂ ಉಳಿದಿದೆಯೇ ಎಂದು ಅಕ್ಕನ ಮೇಜಿನ ಡ್ರಾಯರ್ ಎಳೆದಳು. ಅದು ಅವಳು ಯಾವತ್ತೂ ಎಳೆಯದ ಡ್ರಾಯರ್. ಇಕ್ಕಳಗಳ ಹಿಂದೆ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಮುಚ್ಚಳ ತೆಗೆದಳು. ಒಳಗೆ ತೆಳ್ಳನೆಯ ಬೂದು ಸೀಳುಗಳು, ನೂರಾರು, ತರಕಾರಿ ಸಿಪ್ಪೆಯಂತೆ ಸುರುಳಿ ಸುತ್ತಿಕೊಂಡು. ಜೊತೆಗೆ ಒಂದು ಕ್ಷೌರದ ಬ್ಲೇಡು. ಒಂದು ಮರದ ತುಂಡಿಗೆ ಅಕ್ಕಪಕ್ಕ ಒಂದೇ ಎತ್ತರಕ್ಕೆ ಮೊಳೆ ಹೊಡೆದು ಕೂರಿಸಿದ ಎರಡು ಉಕ್ಕಿನ ಪಟ್ಟಿಗಳು.

ಒಂದು ಸೀಳನ್ನು ದಪ್ಪ ಅಳೆಯುವ ಕ್ಯಾಲಿಪರಿಗೆ ಸಿಕ್ಕಿಸಿದಳು. ಅರ್ಧ ಮಿಲಿಮೀಟರ್. ಇನ್ನೊಂದು. ಅದೂ ಅರ್ಧ. ಆಮೇಲೆ ಪಟ್ಟಿಗಳ ಎತ್ತರ ಅಳೆದಳು. ಒಂದೂವರೆ.

*

ಎರಡು ತಿಂಗಳ ಹಿಂದೆ ಆ ಗಟ್ಟಿ ಪ್ಯಾಡಿನ ಮೂವತ್ತು ಹಾಳೆಗಳನ್ನು ತಂದವಳು ತಂಗಿಯೇ. ಹಳೆಯ ಮೆತ್ತನೆಯವು ವರ್ಷ ಕಳೆದರೆ ಎಣ್ಣೆ ಬಿಡುತ್ತಿದ್ದವು. ಇವು ಬಿಡುವುದಿಲ್ಲವೆಂದು ಮಾರುವವನು ಹೇಳಿದ್ದ. ಹೇಳಿದ್ದು ನಿಜವೂ ಆಗಿತ್ತು.

ಅಕ್ಕ ಒಂದು ಹಾಳೆಯನ್ನು ಬೆರಳಿಂದ ಒತ್ತಿ ನೋಡಿದಳು. "ಗಟ್ಟಿ ಇದೆಯಲ್ಲೇ."

"ಗಟ್ಟಿ ಇದ್ರೆ ಬಾಳಿಕೆ ಬರುತ್ತೆ, ಅಕ್ಕ. ನಾಲ್ಕು ಅಂಗಡಿ ತಿರುಗಿ ತಂದಿದೀನಿ."

"ನಾಲ್ಕು ಅಂಗಡಿನಾ?"

"ಈ ಬಿಸಿಲಲ್ಲಿ."

ಅಕ್ಕ ಅವಳ ಮುಖವನ್ನೊಮ್ಮೆ ನೋಡಿದಳು. "ಸರಿ. ಇಡು. ನೋಡೋಣ," ಅಂದಳು.

ಅಲ್ಲಿಂದ ಮುಂದೆ ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯತೊಡಗಿತು. ಗಿರಾಕಿಗಳು ತಂಗಿಯನ್ನು ಕೇಳುತ್ತಿದ್ದರು. ತಂಗಿ ಕೌಂಟರಿಂದ ಒಳಗೆ ಕೇಳಿಸುವಂತೆಯೇ, "ನಮ್ಮಕ್ಕನ ಕೈಗೆ ವಯಸ್ಸಾಯ್ತು, ಸ್ವಲ್ಪ ಸುಧಾರಿಸಿಕೊಳ್ಳಿ," ಎನ್ನುತ್ತಿದ್ದಳು. ಒಂದು ಸಲ ಡ್ರೈವರನ ಮುಂದೆ ಹಾಗೆಂದಾಗ ಒಳಗಿನಿಂದ ಅಕ್ಕನ ಧ್ವನಿ ಬಂತು:

"ಹೌದಪ್ಪ. ಕೈಗೆ ಪೆನ್ಷನ್ ಕೊಡಿಸ್ಬೇಕು."

ಎಲ್ಲರೂ ನಕ್ಕಿದ್ದರು. ಒಳಗೆ ಪ್ಯಾಡು ಸೀಳುತ್ತಿದ್ದ ಬ್ಲೇಡು ಸದ್ದು ಮಾಡುವುದಿಲ್ಲ.

*

ತಂಗಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಎದುರಿಗೆ ನೋಟುಬುಕ್ಕು ತೆರೆದೇ ಇತ್ತು. ಎರಡು ಎಂದು ಬರೆದದ್ದು ಎರಡಾಗಿಯೇ ಇತ್ತು. ಒಂದು ಗೀಟು ಹೊಡೆದು ಒಂದೂವರೆ ಎಂದು ಬರೆಯಲು ಒಂದು ನಿಮಿಷ ಸಾಕು. ಆದರೆ ಬರೆದಿದ್ದರೆ ತಂಗಿ ಓದುತ್ತಿದ್ದಳು.

ಗಡಿಯಾರ ಒಂದೂ ಕಾಲು ತೋರಿಸುತ್ತಿತ್ತು. ಅವಳು ಎದ್ದು ಮುಖ ತೊಳೆದು ಬಂದಳು. ಪೆನ್ನು ತೆಗೆದು ಆ ಪುಟದಲ್ಲಿ ಗೀಟು ಹೊಡೆದು ಪಕ್ಕದಲ್ಲಿ ಒಂದೂವರೆ ಎಂದು ಬರೆದಳು. ಆಮೇಲೆ ಹೊಸ ಪ್ಯಾಡೊಂದನ್ನು ಪಟ್ಟಿಗಳ ನಡುವೆ ಕೂರಿಸಿ ಬ್ಲೇಡು ಹಿಡಿದಳು.

ಮೊದಲನೆಯದು ಹರಿಯಿತು. ಎರಡನೆಯದು ನಡುವೆ ಹಳ್ಳ ಬಿತ್ತು. ನಾಲ್ಕನೆಯದರ ಹೊತ್ತಿಗೆ ಬ್ಲೇಡನ್ನು ಒತ್ತಬಾರದು, ಪಟ್ಟಿಗಳ ಮೇಲೆ ಮಲಗಿಸಿ ಎಳೆಯಬೇಕು ಎಂಬುದು ಕೈಗೆ ತಿಳಿಯಿತು. ಬೇಕಾದದ್ದು ಹದಿನಾಲ್ಕು. ಹದಿನಾಲ್ಕಕ್ಕೆ ಇಪ್ಪತ್ತೆರಡು ಹಾಳಾದವು. ಎಡಗೈ ಹೆಬ್ಬೆರಳಿಗೆ ಗಾಯವಾಯಿತು. ಬಟ್ಟೆ ಸುತ್ತಿಕೊಂಡಳು.

ಮೂರು ಗಂಟೆಗೆ ಸರಿಯಾಗಿ ಮೂಲೆಯಂಗಡಿಯವನು ಬಂದ. ಬಗಲಲ್ಲಿ ಚೀಲ, ಕೈಯಲ್ಲಿ ಹೂವು. ಅಣ್ಣ ಅವನನ್ನು ಮೇಲೆ ಕರೆದೊಯ್ದು, ಹೂವು ಇಟ್ಟ ಮೇಲೆ ಕೆಳಗೆ ಕರೆತಂದ. ತಂಗಿ ಆಗ ಪೇಸ್ಟು ಹಚ್ಚುತ್ತಿದ್ದಳು.

"ಮೂರು ಅಂದಿದ್ದೆ," ಅಣ್ಣ ಹೇಳಿದ.

"ಇನ್ನು ಇಪ್ಪತ್ತು ನಿಮಿಷಕ್ಕೆ ಪರೀಕ್ಷೆಗೆ ಹಾಕ್ತೀನಿ. ಅದು ಒಂದು ಗಂಟೆ."

"ಅಂದ್ರೆ ನಾಲ್ಕೂ ಇಪ್ಪತ್ತು. ನಾಲ್ಕಕ್ಕೆ ವ್ಯಾನ್."

"ವ್ಯಾನ್ ಇಪ್ಪತ್ತು ನಿಮಿಷ ನಿಲ್ಲಲಿ."

"ಏನು ಮಾತು ಅಂತ ಆಡ್ತೀಯ. ಮೇಲಿರೋಳನ್ನ ಕಾಯಿಸ್ತೀಯಾ?"

"ಅವಳೇ ಆಗಿದ್ರೆ ಕಾಯ್ತಿರಲಿಲ್ವಾ, ಅಣ್ಣ? ಒಂದು ಗಂಟೆ ಅಂದ್ರೆ ಒಂದು ಗಂಟೆ ಅನ್ನೋಳು. ಐವತ್ತೊಂಬತ್ತು ನಿಮಿಷಕ್ಕೆ ಯಾವತ್ತಾದ್ರೂ ಎದ್ದಿದ್ದುಂಟಾ?"

ಮೂಲೆಯಂಗಡಿಯವನು ಸ್ಟೂಲು ಎಳೆದು ಕೂತ. "ನನಗೇನೂ ಅವಸರ ಇಲ್ಲ," ಅಂದ.

ಸವಾರ ಮತ್ತೆ ದಂಡೆಗೆ ಬಂದು ನಿಂತಾಗ ಮೂರೂ ಇಪ್ಪತ್ತು. ಚಿಕ್ಕಮ್ಮ ಇಳಿದು ಬಂದು, ಮೂವರೂ ಒಂದು ಪರದೆಯನ್ನು ನೋಡುತ್ತಿರುವುದನ್ನು ಕಂಡು ತಾವೂ ನೋಡಿದರು.

"ಆ ಕುದುರೆ ಯಾಕೆ ಸುಮ್ನೆ ನಿಂತಿದೆ?"

"ಬಿಸಿಯಾಗ್ಲಿ ಅಂತ, ಚಿಕ್ಕಮ್ಮ."

"ಕುದುರೇನಾ?"

ತಂಗಿ ಪರದೆಯ ಮೇಲಿನ ಎರಡು ಅಂಕಿಗಳನ್ನು ತೋರಿಸಿದಳು. "ಒಂದು ಗಳಿಗೆ ಮೇಲೆ ಬಾ," ಚಿಕ್ಕಮ್ಮ ದನಿ ತಗ್ಗಿಸಿ ಹೇಳಿದರು. "ಅವಳ ಪಕ್ಕ ನಮ್ಮವರು ಅಂತ ಯಾರೂ ಇಲ್ಲ."

ತಂಗಿ ಪರದೆಯನ್ನೂ ಮೆಟ್ಟಿಲನ್ನೂ ನೋಡಿದಳು. ಆಗ ಅಣ್ಣ ಜೇಬಿನಿಂದ ಕನ್ನಡಕ ತೆಗೆದ. "ನೀನು ಹೋಗು. ಎಷ್ಟು ನಿಮಿಷಕ್ಕೊಂದು ಸಲ ಬರೀಬೇಕು?"

"ಹತ್ತು."

"ಐದಕ್ಕೊಂದು ಬರೀತೀನಿ," ಅಂದ ಅಣ್ಣ.

ಮೇಲೆ ಅಕ್ಕನ ಕಾಲ ಬಳಿ ಕಾರ್ಖಾನೆಯ ಹಳೆಯ ಗೆಳತಿಯೊಬ್ಬಳು ಕೂತು ಪಕ್ಕದವರಿಗೆ ಹೇಳುತ್ತಿದ್ದಳು. "ಸಾಲಿನಲ್ಲಿ ನನ್ನ ಪಕ್ಕದ ಸ್ಟೂಲೇ ಇವಳದ್ದು. ಜಾಸ್ತಿ ಮಾತಿಲ್ಲ. ನಾನೋ ಬಾಯಿಬಡುಕಿ, ಮಾತಾಡ್ತಾ ಆಡ್ತಾ ಬೆಸುಗೆ ತಪ್ಪಿಸಿಬಿಡ್ತಿದ್ದೆ. ಇನ್‌ಸ್ಪೆಕ್ಟರ್ ಬಂದು ನೋಡಿದ್ರೆ ನನ್ನ ಟ್ರೇಲಿ ಒಂದೂ ತಪ್ಪು ಇರ್ತಿರಲಿಲ್ಲ. ನಾನೇ ಭಾರಿ ಕೆಲಸಗಾರ್ತಿ ಅಂದ್ಕೊಂಡಿದ್ದೆ, ಏಳು ವರ್ಷ." ಅವಳು ಮೂಗು ಒರೆಸಿಕೊಂಡಳು. "ಇವಳು ಒಂದು ವಾರ ರಜಾ ಹಾಕಿದ್ಲು ನೋಡಿ, ಆಗ ಗೊತ್ತಾಯ್ತು."

ತಂಗಿ ಅಕ್ಕನ ತಲೆಯ ಬಳಿ ಕೂತು ಹೊದಿಕೆಯ ಅಂಚಿನಿಂದ ಬಲಗೈಯನ್ನು ಹೊರಗೆ ತೆಗೆದಳು. ತೋರುಬೆರಳಿನ ಬದಿಯಲ್ಲಿ ಸಣ್ಣಸಣ್ಣ ಗೀರುಗಳು. ಕೆಲವು ಮಾಯ್ದಿದ್ದವು, ಎರಡು ಹೊಸವು. ತನ್ನ ಬಟ್ಟೆ ಸುತ್ತಿದ ಕೈಯನ್ನು ಅದರ ಮೇಲಿಟ್ಟುಕೊಂಡಳು. ವ್ಯಾನ್ ಬಂದು ನಿಂತ ಸದ್ದು ಕೇಳಿಸಿದರೂ ಏಳಲಿಲ್ಲ.

ನಾಲ್ಕೂ ಇಪ್ಪತ್ತೆರಡಕ್ಕೆ ಅಣ್ಣ ಹಾಳೆ ಹಿಡಿದು ಬಾಗಿಲಿಗೆ ಬಂದ. ಮೀಟರ್ ಪುಸ್ತಕದ ಶೈಲಿಯಲ್ಲಿ ಹನ್ನೆರಡು ಸಾಲು, ಒಂದರ ಕೆಳಗೊಂದು ನೇರವಾಗಿ.

"ಅರವತ್ತಾರು, ಎಪ್ಪತ್ತೆಂಟು," ಓದಿದ. "ಕೊನೆ ಅರ್ಧ ಗಂಟೆ ಅಲ್ಲಾಡಲಿಲ್ಲ. ಅಂತರ ಹನ್ನೆರಡು." ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ನು ಎತ್ತೋಣ," ಅಂದ.

ಎತ್ತಿದವರಲ್ಲಿ ಡ್ರೈವರನೂ ಇದ್ದ. ಮೆಟ್ಟಿಲ ತಿರುವಿನಲ್ಲಿ ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಅವನೇ ಮೆಲ್ಲಗೆ ಹೇಳುತ್ತ ಹೋದ. ಅಕ್ಕ ಎಲ್ಲಿಯೂ ಕುಲುಕದೆ ಕೆಳಗೆ ಬಂದಳು.

*

ಎಲ್ಲ ಮುಗಿದು ಜನ ಚದುರುವಾಗ ಇನ್ನೂ ಬಿಸಿಲಿತ್ತು. ಸ್ಮಶಾನದ ಗೇಟಿನ ಬಳಿ ಮೂಲೆಯಂಗಡಿಯವನು ತಂಗಿಗಾಗಿ ಕಾಯುತ್ತಿದ್ದ. ಬಗಲಿನ ಚೀಲವನ್ನು ಮುಂದಕ್ಕೆ ತಂದುಕೊಂಡ. ಅಣ್ಣನ ಕಡೆಗೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡ.

"ಇದನ್ನ ಹೇಗೆ ಹೇಳೋದೋ ಗೊತ್ತಿಲ್ಲ. ನನ್ನ ಹತ್ರ ಬಗ್ಗದ ಕಾರ್ಡುಗಳನ್ನ ಅಕ್ಕನಿಗೆ ಕೊಡ್ತಿದ್ದೆ. ಹಿಂದಿನ ಬಾಗಿಲಿಂದ. ನಿಮಗೂ ಹೇಳಬೇಡಿ ಅಂತ ಅವರಿಗೆ ಅಂದಿದ್ದೆ, ನನ್ನ ಮರ್ಯಾದೆ ಪ್ರಶ್ನೆ ಅಂತ." ಚೀಲದೊಳಗೆ ಕೈಹಾಕಿ ಬಟ್ಟೆ ಸುತ್ತಿದ ಕಾರ್ಡೊಂದನ್ನು ಹೊರತೆಗೆದ. "ಇದು ನಾನು ಮೂರು ಸಲ ಬಿಚ್ಚಿದೀನಿ. ಅಂತರ ಇಪ್ಪತ್ತರ ಕೆಳಗೆ ಇಳೀತಿಲ್ಲ. ಮೊನ್ನೆನೇ ತರಬೇಕಿತ್ತು."

"ನಮ್ಮ ಸಾಮಾನು ಒಯ್ಯೋಕೆ ಬಂದವನು ಇದನ್ನೂ ಹೊತ್ತುಕೊಂಡು ಬಂದಿದ್ದಾ?" ಅಣ್ಣ ಕೇಳಿದ.

"ಚೀಲದಲ್ಲೇ ಇತ್ತು. ಮನೇಲಿ ಇಟ್ಟು ಬರೋಕೆ ಮನಸ್ಸಾಗಲಿಲ್ಲ." ಅವನು ತಂಗಿಯ ಕಡೆ ತಿರುಗಿದ. "ಆ ಹನ್ನೆರಡು ಬಂತಲ್ಲ, ಅದು ನನಗೆ ಈ ಜನ್ಮದಲ್ಲಿ ಬಂದಿಲ್ಲ. ನೋಡ್ತೀರಾ?"

ತಂಗಿ ಕಾರ್ಡನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. "ಎರಡು ದಿನ ಆಗುತ್ತೆ," ಅಂದಳು. "ಮೂರೂ ಆಗಬಹುದು. ನನ್ನ ಕೈ ನಿಧಾನ."

"ಆಗ್ಲಿ."

"ಮುಂದಿನ ಬಾಗಿಲಿಂದ ಬನ್ನಿ."

ಬಂದಿದ್ದ ವ್ಯಾನೇ ಅವರನ್ನು ಮನೆಗೆ ಬಿಡಲು ಕಾದಿತ್ತು. ಚಿಕ್ಕಮ್ಮ ಮುಂದೆ ಚಾಲಕನ ಪಕ್ಕ ಕೂತರು. ಹಿಂಭಾಗದಲ್ಲಿ ಎದುರುಬದುರು ಎರಡು ಉದ್ದ ಬೆಂಚು, ನಡುವೆ ಖಾಲಿ ನೆಲ, ಅಲ್ಲಲ್ಲಿ ಉದುರಿದ ಹೂವಿನ ಎಸಳು. ತಂಗಿ ಒಂದು ಬೆಂಚಿನಲ್ಲಿ ಕೂತು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡಳು. ಅಣ್ಣ ಎದುರಿನ ಬೆಂಚಿನಲ್ಲಿ ಕೂತ. ದಾರಿ ಸರಿಯಿರಲಿಲ್ಲ. ಮೊದಲ ಹಳ್ಳಕ್ಕೆ ವ್ಯಾನು ಎತ್ತಿಹಾಕಿದಾಗ ಕಾರ್ಡು ಅವಳ ಕೈಯಲ್ಲಿ ಜಾರಿತು, ಬಟ್ಟೆ ಸುತ್ತಿದ ಹೆಬ್ಬೆರಳಿಗೆ ಹಿಡಿತ ಸಿಗಲಿಲ್ಲ.

ಅಣ್ಣ ಎದ್ದು ನಡುವಿನ ಖಾಲಿ ನೆಲವನ್ನು ದಾಟಿ ಅವಳ ಪಕ್ಕಕ್ಕೆ ಬಂದು ಕೂತ. ಮುಂದಿನ ಹಳ್ಳ ಬರುವ ಮೊದಲೇ ತನ್ನ ಅಂಗೈಯನ್ನು ಕಾರ್ಡಿನ ಕೆಳಗೆ ಇಟ್ಟ. ಮನೆ ಬರುವವರೆಗೂ ತೆಗೆಯಲಿಲ್ಲ.